ಡೊಂಕು ಕೊಂಬೆ ಉಳಿಸಿಕೊಟ್ಟ ಅಣ್ಣನಿಗೆ

ಕದ್ರಿಯ ಕಂಪೌಂಡೊಂದರಲ್ಲಿ ಗಾಳಿಮಳೆಗೆ ಬಿದ್ದ ಹೆಬ್ಬಲಸನ್ನು ಕತ್ತರಿಸುತ್ತಿದ್ದ ಅಣ್ಣಾ, ನಿಮ್ಮ ಹೆಸರು ಕೇಳುವಷ್ಟರಲ್ಲಿ ಲಾರಿ ಹೊರಟೇಬಿಟ್ಟಿತು.

ಮಂಗಳೂರಿನಲ್ಲಿ ನೇರ ಹಲಗೆಗೆ ಬರವಿಲ್ಲ. ನಮ್ಮ ದೋಣಿಯ ಪಕ್ಕೆಲುಬಿಗೆ, ಅಂದರೆ ಒಳಗಿನ ಬಾಗಿದ ಆಧಾರದ ಮರಕ್ಕೆ, ಬೇಕಾದ್ದು ಬೆಳೆಯುವಾಗಲೇ ಬಾಗಿದ ಮರ. ನೇರ ಹಲಗೆಯಲ್ಲಿ ಬಾಗು ಕೊಯ್ದರೆ ಮರದ ಎಳೆ ನಡುವೆ ತುಂಡಾಗುತ್ತದೆ, ಅಲೆ ಬಡಿದಾಗ ಅಲ್ಲೇ ಸೀಳುತ್ತದೆ. ಕಾಂಡದಿಂದ ಕೊಂಬೆ ತಿರುಗುವಲ್ಲಿ ಎಳೆಯೂ ಜೊತೆಗೇ ತಿರುಗಿರುತ್ತದೆ. ಸೌದೆಯವರು ಮೊದಲು ತುಂಡು ಮಾಡುವುದೂ ಅದನ್ನೇ. ಲಾರಿಯಲ್ಲಿ ಸುಮ್ನೆ ಜಾಗ ತಿನ್ನುತ್ತದೆ, ಅಲ್ವಾ!

ನೀವು ಮಾತ್ರ ಪಕ್ಕೆಲುಬಿನ ಆಕಾರದ ನನ್ನ ರಟ್ಟಿನ ಅಚ್ಚನ್ನು ಕೊಂಬೆಗೆ ಹಿಡಿದು ನೋಡಿ, ಗರಗಸವನ್ನು ಒಂದು ಮೊಳ ಆಚೆ ಇಟ್ಟಿರಿ. ಕೈಗೆಲ್ಲ ಬಿಳಿ ಅಂಟು ಮೆತ್ತಿತ್ತು. ಚಹಾದ ದುಡ್ಡನ್ನೂ ಮುಟ್ಟಲಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣಾ. ತುಂಡುಗಳ ತುದಿಗೆ ಬಣ್ಣ ಬಳಿದು ನೆರಳಲ್ಲಿ ಒಣಗಲು ಇಟ್ಟಿದ್ದೇನೆ. ಬೋಳಾರದ ಕಡೆ ಬಂದರೆ ಊಟ ನಮ್ಮಲ್ಲೇ.