ಸಂಘದಲ್ಲಿ ಇದನ್ನು ಓದಿ ಹೇಳು ಅಕ್ಕ

ಬರ್ಮಿಂಗ್‌ಹ್ಯಾಮ್

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಾವೆಲ್ಲ ಕ್ಷೇಮ. ಸಕಲೇಶಪುರದ ಕಡೆ ಕಾಫಿ ಕೊಯ್ಲು ಶುರುವಾಗಿರಬೇಕು, ನಿನಗೆ ಪುರುಸೊತ್ತಿರುವುದಿಲ್ಲ. ಆದರೂ ಇದನ್ನು ಪೂರ್ತಿ ಓದು.

ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಿಂದ ನನಗೊಂದು ಕಾಗದ ಬಂದಿತ್ತು. 50 ದಾಟಿದ ಹೆಂಗಸರನ್ನು 71 ತುಂಬುವವರೆಗೆ ಮೂರು ವರ್ಷಕ್ಕೊಮ್ಮೆ ಸ್ತನ ಕ್ಯಾನ್ಸರ್ ತಪಾಸಣೆಗೆ ಕರೆಯುತ್ತಾರೆ. ದುಡ್ಡಿಲ್ಲ. ಮ್ಯಾಮೊಗ್ರಾಮ್ ಅಂತ ಒಂದು ಎಕ್ಸ್‌ರೇ, ತೆಗೆಯುವವರೂ ಹೆಂಗಸರೇ. ನನಗೆ ಏನೂ ತೊಂದರೆಯಿಲ್ಲ ಅಂತ ಬಂತು. ಪಕ್ಕದ ಮನೆಯ ಪಂಜಾಬಿ ಅಮ್ಮನಿಗೂ ಅದೇ ಕಾಗದ ಬಂದಿತ್ತು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಸೊಸೆ ಓದಿ ಹೇಳಿದ ಮೇಲೆಯೇ ಹೋಗಿ ಬಂದರು.

ಆಗಿನಿಂದ ನಮ್ಮ ತೋಟದ ಲೈನ್ ಮನೆಗಳಲ್ಲಿರುವ ಕೂಲಿ ಹೆಂಗಸರದ್ದೇ ಯೋಚನೆ. ಗೋಡೆಗೆ ಪೋಸ್ಟರ್ ಅಂಟಿಸಿದರೆ ಓದುವವರು ಯಾರು? ಗಂಟು ಕೈಗೆ ಸಿಕ್ಕರೂ ನೋವಿಲ್ಲವಲ್ಲ ಅಂತ ಸುಮ್ನೆ ಇದ್ದುಬಿಡುತ್ತಾರೆ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ ಅಕ್ಕ. ಇದನ್ನು ಬಾಯಿಬಿಟ್ಟು ಹೇಳಬೇಕು. ಚರ್ಮ ಗುಳಿ ಬೀಳುವುದು, ತೊಟ್ಟು ಒಳಕ್ಕೆ ಎಳೆದುಕೊಳ್ಳುವುದು, ತೊಟ್ಟಿನಿಂದ ರಕ್ತ ಬರುವುದು, ಕಂಕುಳಲ್ಲಿ ಗಂಟು, ಇವನ್ನೂ ಹೇಳು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ ಅನ್ನುವುದನ್ನು ಎಲ್ಲಕ್ಕಿಂತ ಮೊದಲು ಹೇಳು. ಇಲ್ಲದಿದ್ದರೆ ಹೆದರಿ ಯಾರೂ ಬರುವುದಿಲ್ಲ.

ಓದಿದವರೂ ಹೋಗುತ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಯಾವತ್ತಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ನೀನು ಬಿ.ಎಡ್. ಮಾಡಿದವಳು, ಯಾವತ್ತಾದರೂ ತೋರಿಸಿಕೊಂಡಿದ್ದೀಯಾ?

ನಮ್ಮಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷೆ ಮಾಡಬೇಕು ಅಂತ ಸರ್ಕಾರದ ನಿಯಮವಿದೆ. ಬರೀ ಕೈಯಲ್ಲಿ ಏನು ಗೊತ್ತಾಗುತ್ತೆ ಅನ್ನಬೇಡ. ಮುಂಬೈಯ ಟಾಟಾ ಆಸ್ಪತ್ರೆಯವರು 1998ರಲ್ಲಿ ಕೊಳೆಗೇರಿಗಳಲ್ಲಿ ಇದನ್ನೇ ಶುರುಮಾಡಿ, ಏನಾಯಿತು ಅಂತ 20 ವರ್ಷ ಗಮನಿಸಿ ನೋಡಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ಪರೀಕ್ಷೆ ಮಾಡಿದ್ದು. 50 ದಾಟಿದವರಲ್ಲಿ ಈ ಕಾಯಿಲೆಯ ಸಾವು ಹತ್ತಿರ ಹತ್ತಿರ ಶೇ. 30ರಷ್ಟು ಇಳಿಯಿತು. ಅಲ್ಲಿ ಯಾರಿಗೂ ಅಕ್ಷರ ಬರಬೇಕಿರಲಿಲ್ಲ, ಮನೆಬಾಗಿಲಿಗೆ ಬಂದು ಹೇಳುವವರಿದ್ದರು.

ಅದಕ್ಕೇ ಆಶಾ ಕಾರ್ಯಕರ್ತೆಯ ಹತ್ತಿರ ಮಾತಾಡು. ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗು ಅಂದರೆ ಯಾರೂ ಹೋಗುವುದಿಲ್ಲ, ಅದು ತಪ್ಪೂ ಅಲ್ಲ. ಬಟವಾಡೆ ದಿನ ಸಂಜೆ ನರ್ಸಮ್ಮ ತೋಟಕ್ಕೇ ಬರಬಹುದಾ ಕೇಳು. ಮೊದಲು ನೀನೂ ಅತ್ತಿಗೆಯೂ ತೋರಿಸಿಕೊಳ್ಳಿ, ಆಗ ಉಳಿದವರ ನಾಚಿಕೆ ಬಿಡುತ್ತದೆ. ಅಮ್ಮನಿಗೆ 65 ದಾಟಿದೆ ಅಂತ ಬಿಡಬೇಡ, ವಯಸ್ಸಾದಷ್ಟೂ ಅಪಾಯ ಜಾಸ್ತಿ.

ಭಾನುವಾರ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ನರ್ಸಮ್ಮ ಏನಂದರು ಅಂತ ಕೇಳಿಟ್ಟಿರು.

ನಿನ್ನ ತಂಗಿ