ಹೆಣ ಹೊತ್ತ ದಾರಿ, ಮಂಜುಗೊಂದು ಪತ್ರ

ಮಂಜು,

ಮೊನ್ನೆ ಫೋನ್ ಅರ್ಧಕ್ಕೇ ಕಟ್ ಆಯ್ತಲ್ಲ, ಆವಾಗ ನಾನು ಇಂಗ್ಲೆಂಡಿನ ಯಾರ್ಕ್‌ಶೈರ್ ಬೆಟ್ಟದ ಮೇಲಿದ್ದೆ, ಅಲ್ಲಿ ಸಿಗ್ನಲ್ಲೇ ಸಿಗಲ್ಲ. ಹೇಳೋಕೆ ಶುರು ಮಾಡಿದ್ದು ಗಂಟಲಲ್ಲೇ ಉಳ್ಕೊಂಡಿದೆ ಕಣೋ, ಅದಕ್ಕೇ ಕೂತು ಬರೀತಿದೀನಿ.

ಊರ ಹೆಸರು ಮ್ಯೂಕರ್. ಸ್ವೇಲ್ ನದಿ ಹರಿಯೋ ಸ್ವೇಲ್‌ಡೇಲ್ ಕಣಿವೆಯ ಮೇಲ್ಭಾಗದಲ್ಲಿದೆ. ಅಕ್ಕಪಕ್ಕದ ಕೆಲ್ಡ್, ಥ್ವೇಟ್ ಹಳ್ಳಿ ಎಲ್ಲಾ ಅದೇ ಪ್ಯಾರಿಷ್ಷಿಗೆ ಸೇರಿದ್ದು (ಪ್ಯಾರಿಷ್ ಅಂದ್ರೇನು ಅಂತ ಆಮೇಲೆ ಹೇಳ್ತೀನಿ). ಈ ಹೆಸರುಗಳೆಲ್ಲ ಇಂಗ್ಲಿಷ್ ಅಲ್ಲ, ಸಾವಿರ ವರ್ಷದ ಹಿಂದೆ ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದು ನೆಲೆಸಿದ ನಾರ್ಸ್ ಜನರ ಮಾತು. ಕೆಲ್ಡ್ ಅಂದ್ರೆ ಒರತೆ, ಥ್ವೇಟ್ ಅಂದ್ರೆ ಕಾಡು ಕಡಿದು ಮಾಡಿದ ಬಯಲು, ಮ್ಯೂಕರ್ ಅಂದ್ರೆ ಕಿರಿದಾದ ಹೊಲ. ಅಲ್ಲಿ ನಿಂತು ನೋಡಿದ್ರೆ ಹೆಸರು ಎಷ್ಟು ಸರಿಯಾಗಿ ಇಟ್ಟಿದ್ದಾರೆ ಅಂತ ಗೊತ್ತಾಗುತ್ತೆ, ಯಾಕಂದ್ರೆ ಸಮತಟ್ಟು ಜಾಗ ಅನ್ನೋದು ನದಿ ಪಕ್ಕ ಒಂದು ಪಟ್ಟಿಯಷ್ಟೇ, ಆಮೇಲೆ ಎರಡೂ ಕಡೆ ಬೆಟ್ಟ. ಸುಣ್ಣಕಲ್ಲು, ಜೇಡಿಕಲ್ಲು, ಮರಳುಗಲ್ಲು ಒಂದರ ಮೇಲೊಂದು ಪದರ ಪದರವಾಗಿ ಕೂತಿರೋದ್ರಿಂದ ಬೆಟ್ಟದ ಮೈಯೆಲ್ಲ ಮೆಟ್ಟಿಲು ಮೆಟ್ಟಿಲು. ಮಧ್ಯೆ ಕಿಸ್ಡನ್ ಅಂತ ಒಂಟಿ ಗುಡ್ಡ ಇದೆ. ನದಿ ಮೊದ್ಲು ಅದರ ಪಶ್ಚಿಮಕ್ಕೆ ಹರೀತಿತ್ತಂತೆ, ಹಿಮಯುಗದಲ್ಲಿ ಹಿಮನದಿ ತಂದು ಸುರಿದ ಕಲ್ಲುಮಣ್ಣು ಹಳೇ ದಾರೀನ ಮುಚ್ಚಿಹಾಕ್ತು, ಆವಾಗಿಂದ ಸ್ವೇಲ್ ಗುಡ್ಡದ ಪೂರ್ವಕ್ಕೆ ಕೊರಕಲು ಕೊರ್ಕೊಂಡು ಹೋಗ್ತಿದೆ.

ಈಗ ನಿಜವಾಗಿ ಹೇಳ್ಬೇಕಾಗಿದ್ದ ವಿಷಯ. ಪ್ಯಾರಿಷ್ ಅಂದ್ರೆ ಒಂದು ಚರ್ಚಿನ ಸರಹದ್ದು. ಆ ಕಾಲದಲ್ಲಿ ಮಗೂಗೆ ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡೋದು, ಎಲ್ಲಾ ಅದೇ ಚರ್ಚಲ್ಲಿ ಆಗ್ಬೇಕಿತ್ತು. ಹಿಂದೆ ಈ ಇಡೀ ಮೇಲ್ಕಣಿವೆ ಕೆಳಗಿನ ಗ್ರಿಂಟನ್ ಚರ್ಚಿಗೆ ಸೇರಿತ್ತು. ಕೆಲ್ಡ್‌ನಲ್ಲಿ ಯಾರಾದ್ರೂ ತೀರ್ಕೊಂಡ್ರೆ ಹೆಗಲ ಮೇಲೆ ಹೊತ್ಕೊಂಡು ಹತ್ತೊಂಬತ್ತು ಇಪ್ಪತ್ತು ಕಿಲೋಮೀಟರ್ ನಡೀಬೇಕು, ಅದೂ ಕಿಸ್ಡನ್ ಗುಡ್ಡ ಹತ್ತಿ ಇಳಿದು. ಮರದ ಪೆಟ್ಟಿಗೆ ಭಾರ ಅಂತ ಬೆತ್ತದ ಬುಟ್ಟಿ ಥರ ಹೆಣೆದ ಪೆಟ್ಟಿಗೇಲಿ ಒಯ್ತಿದ್ರಂತೆ. ದೂರದವರಿಗೆ ಎರಡು ದಿನದ ದಾರಿ. ಚಳಿಗಾಲದಲ್ಲಿ ಹಿಮ ಬಿದ್ದಿರುವಾಗ ಹೆಂಗೆ ಹೋಗ್ತಿದ್ರೋ, ನೆನೆಸ್ಕೊಂಡ್ರೇ ಎದೆ ಭಾರ ಆಗುತ್ತೆ.

ಆ ದಾರೀಗೆ ಈಗ್ಲೂ ಹೆಣದ ದಾರಿ ಅಂತಾನೇ ಹೆಸರು. ನಾನು ಕೆಲ್ಡ್‌ನಿಂದ ಐವ್ಲೆಟ್ ತನಕ ನಡೆದೆ. ಐವ್ಲೆಟ್‌ನಲ್ಲಿ ನದಿಗೆ ಒಂದೇ ಕಮಾನಿನ, ಬೆನ್ನು ಉಬ್ಬಿದ ಹಳೇ ಕಲ್ಲುಸೇತುವೆ ಇದೆ, ಅದರ ಉತ್ತರದ ತುದೀಲಿ ಹುಲ್ಲಿನ ಮಧ್ಯೆ ಒಂದು ಉದ್ದನೆಯ ಚಪ್ಪಡಿ. ಹೆಣ ಇಳಿಸಿ ಸುಧಾರಿಸ್ಕೊಳ್ಳೋಕೆ ಅಂತ ಇದ್ದ ಕಲ್ಲು. ಗೊತ್ತಿಲ್ದಿದ್ರೆ ಯಾರೂ ತಿರುಗಿ ನೋಡಲ್ಲ, ಅಂಚಲ್ಲೆಲ್ಲ ಪಾಚಿ. ನಾನು ಬ್ಯಾಗ್ ಇಳಿಸೋಕೆ ಹೋಗಿ ಕೈ ಹಿಂದಕ್ಕೆ ತಗೊಂಡೆ, ಪಕ್ಕದಲ್ಲಿ ನೆಲದ ಮೇಲೆ ಇಟ್ಟೆ.

1580ರಲ್ಲಿ ಮ್ಯೂಕರ್‌ನಲ್ಲೇ ಚರ್ಚು ಕಟ್ಟಿದ್ರು, ಪಕ್ಕದಲ್ಲೇ ಮಣ್ಣು ಮಾಡೋಕೆ ಜಾಗ. ಮೊದಲನೇ ಎಲಿಜಬೆತ್ ರಾಣಿ ಕಾಲದಲ್ಲಿ ಹೊಸ ಚರ್ಚು ಎದ್ದಿದ್ದೇ ಅಪರೂಪ. ಸಣ್ಣ ಕಟ್ಟಡ, ನೋಡೋಕೆ ಅಂಥಾ ವಿಶೇಷ ಏನಿಲ್ಲ, ಆದ್ರೆ ಆ ದಾರಿ ನಡೆದು ಬಂದು ಅದರ ಬಾಗಿಲಲ್ಲಿ ಕೂತ್ಕೊಂಡಾಗ ನಂಗೆ ಯಾವ ದೊಡ್ಡ ಕ್ಯಾಥೆಡ್ರಲ್ಲಲ್ಲೂ ಅನ್ನಿಸದ್ದು ಅನ್ನಿಸ್ತು.

ಊರಿನವರು ಬದುಕಿದ್ದು ಕುರಿ, ದನ, ಸೀಸದ ಗಣಿ, ಮತ್ತೆ ಹೆಣಿಗೆ. ಗಂಡಸ್ರೂ ನಡೀತಾ ನಡೀತಾನೇ ಕಾಲುಚೀಲ ಹೆಣೀತಿದ್ರು. 1880ರ ಹೊತ್ತಿಗೆ ಹೊರದೇಶದ ಅಗ್ಗದ ಸೀಸ ಬಂದು ಬೆಲೆ ಬಿದ್ದುಹೋಯ್ತು, ಗಣಿ ಮುಚ್ಚಿದ್ವು, ಮನೆ ಮನೆಯವರೇ ಲ್ಯಾಂಕಶೈರ್ ಬಟ್ಟೆ ಗಿರಣಿಗೆ, ಡರ್ಹಮ್ ಕಲ್ಲಿದ್ದಲಿಗೆ, ಅಮೆರಿಕಕ್ಕೆ ಹೊರಟೋದ್ರು. ಥ್ವೇಟ್‌ನಲ್ಲಿ ಹುಟ್ಟಿದ ರಿಚರ್ಡ್, ಚೆರ್ರಿ ಕಿಯರ್ಟನ್ ಅಣ್ಣತಮ್ಮಂದಿರು ಹಕ್ಕಿಗೂಡಿನ ಫೋಟೋ ತೆಗೆದು ಹೆಸರು ಮಾಡಿದ್ರು, ನಿನ್ನ ಕ್ಯಾಮೆರಾ ಹುಚ್ಚಿಗೆ ಅವರ ಕಥೆ ಓದ್ಲೇಬೇಕು ನೀನು.

ಇನ್ನು ಆ ಹುಲ್ಲುಗಾವಲು! ಎಲ್ಲಿ ನೋಡಿದ್ರೂ ಗಾರೆ ಇಲ್ದೆ ಕಲ್ಲು ಪೇರಿಸಿ ಕಟ್ಟಿದ ಗೋಡೆ, ಹೊಲಕ್ಕೊಂದು ಕಲ್ಲಿನ ಕೊಟ್ಟಿಗೆ. ಒಂದಕ್ಕೆ ಇಣುಕಿ ನೋಡಿದೆ. ಕೆಳಗೆ ನಾಲ್ಕೈದು ದನ ಕಟ್ಟೋಷ್ಟು ಜಾಗ, ಮೇಲೆ ಅಟ್ಟದಲ್ಲಿ ಹುಲ್ಲು. ಹುಲ್ಲು ಆ ಹೊಲದ್ದೇ, ಚಳಿಗಾಲವೆಲ್ಲ ದನ ತಿಂದು ಹಾಕಿದ ಗೊಬ್ಬರ ವಾಪಸ್ ಅದೇ ಹೊಲಕ್ಕೆ. ರೈತ ದಿನಾ ಎರಡು ಹೊತ್ತು ನಡ್ಕೊಂಡು ಹೋಗಿ ಹಾಲು ಕರೆದು ಕ್ಯಾನ್ ಬೆನ್ನಿಗೆ ಹಾಕ್ಕೊಂಡು ಬರ್ತಿದ್ದ. ಈಗ ಬಹಳಷ್ಟು ಕೊಟ್ಟಿಗೆ ಖಾಲಿ, ಕೆಲವದರ ಮಾಡೇ ಕುಸಿದಿದೆ, ನೋಡಿ ತುಂಬಾ ಬೇಜಾರಾಯ್ತು.

ಹೊಲದ ಮಧ್ಯೆ ಚಪ್ಪಡಿ ಹಾಸಿದ ಕಾಲುದಾರಿ, ಹುಲ್ಲು ತುಳೀಬಾರ್ದು ಅಂತ ಒಬ್ಬರ ಹಿಂದೆ ಒಬ್ಬರು ನಡೀಬೇಕು. ನೀನು ಮುಂದಿನ ವರ್ಷ ಬರೋದು ನಿಜ ಆದ್ರೆ ಜೂನಲ್ಲೇ ಟಿಕೆಟ್ ಮಾಡು, ಆವಾಗ ಹೊಲ ತುಂಬಾ ನೇರಳೆ, ಹಳದಿ ಹೂವು. ಜುಲೈಯಲ್ಲಿ ಹುಲ್ಲು ಕೊಯ್ಯೋಕೆ ಶುರು ಮಾಡ್ತಾರೆ. ಒಳ್ಳೇ ಶೂ ತಗೊಂಡು ಬಾ, ಈ ಸಲ ಗ್ರಿಂಟನ್ ತನಕ ನಡೆಯೋಣ.

ನಿನ್ನ,
ಸುರೇಶ