ಎರವಲು ಬಟ್ಟೆಯಲ್ಲಿ 80 ಡಿಗ್ರಿ ಉತ್ತರಕ್ಕೆ

ಊರಿಗೆ ಬಂದು ಮೂರು ವಾರ ಆಯಿತು. ಜುಲೈನಲ್ಲಿ ನಾವು ಹತ್ತು ಜನ ಹಾಯಿದೋಣಿಯಲ್ಲಿ, ಉತ್ತರ ಧ್ರುವದ ಕಡೆಗಿರುವ ನಾರ್ವೆಯ ದ್ವೀಪಗಳಾದ ಸ್ವಾಲ್‌ಬಾರ್ಡ್‌ನ ಪಶ್ಚಿಮ ದಂಡೆ ಹಿಡಿದು ಉತ್ತರಕ್ಕೆ ಹೋದೆವು. 80 ಡಿಗ್ರಿ ಅಕ್ಷಾಂಶ ದಾಟಿದೆವು. ಹನ್ನೊಂದನೇ ದಿನ ಎಲ್ಲರೂ ಕ್ಷೇಮವಾಗಿ ದಡ ಸೇರಿದೆವು. ಫೋಟೋ ಎಲ್ಲಿ ಅಂತ ಎಲ್ಲರೂ ಕೇಳುತ್ತಿದ್ದೀರಿ. ಹಾಕುತ್ತೇನೆ. ಅದಕ್ಕೆ ಮೊದಲು ಈ ನಾಲ್ಕು ಮಾತು ಬರೆಯಲೇಬೇಕು. ಯಾಕೆಂದರೆ ಆ ಫೋಟೋಗಳಲ್ಲಿ ನಾನು ತೊಟ್ಟಿರುವ ಬೆಚ್ಚನೆಯ ಬಟ್ಟೆಗಳಲ್ಲಿ ಒಂದೂ ನನ್ನದಲ್ಲ.

ನನ್ನ ಬ್ಯಾಗ್ ಬರಲೇ ಇಲ್ಲ. ಬೆಂಗಳೂರಿನಲ್ಲಿ ಕೊಟ್ಟದ್ದು ದಾರಿಯಲ್ಲಿ ಎಲ್ಲೋ ಉಳಿದುಬಿಟ್ಟಿತು. ಲಾಂಗ್‌ಯರ್‌ಬ್ಯೆನ್ ಇರುವುದು 78 ಡಿಗ್ರಿ ಉತ್ತರದಲ್ಲಿ. ಕಲ್ಲಿದ್ದಲು ಗಣಿಗಾಗಿ ಹುಟ್ಟಿದ ಪುಟ್ಟ ಊರು. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಬರುವ ಬೆಲ್ಟಿನ ಮಧ್ಯೆ ಸತ್ತ ಹಿಮಕರಡಿಯೊಂದನ್ನು ಬದುಕಿದ್ದ ಹಾಗೇ ನಿಲ್ಲಿಸಿದ್ದಾರೆ. ಎಲ್ಲರ ಬ್ಯಾಗ್ ಅದರ ಸುತ್ತ ಸುತ್ತಿ ಬಂತು. ಬೆಲ್ಟ್ ನಿಂತ ಮೇಲೂ ನಾನು ಅಲ್ಲೇ ನಿಂತಿದ್ದೆ. ಅವತ್ತು ಭಾನುವಾರ, ಸಂಜೆ. ಅಂಗಡಿ ಮುಚ್ಚಿದ್ದವು. ಹೊರಗೆ 5 ಡಿಗ್ರಿ, ಮೇಲೆ ಗಾಳಿ. ನನ್ನ ಕೈಯಲ್ಲಿ ಇದ್ದದ್ದು ಒಂದು ತೆಳು ಸ್ವೆಟರ್ ಮತ್ತು ಅಮ್ಮ ಕಟ್ಟಿಕೊಟ್ಟ ಎರಡು ಕಿಲೋ ಅವಲಕ್ಕಿ.

ನೀವು ಹೊರಡಿ, ನಾನು ಇಲ್ಲೇ ಉಳಿಯುತ್ತೇನೆ ಅಂದೆ. ಆರು ವರ್ಷದಿಂದ ದುಡ್ಡು ಕೂಡಿಸಿ ಬಂದವರ ಬಾಯಲ್ಲಿ ಆ ಮಾತು ಹೇಗೆ ಬಂದಿರಬಹುದು, ನೀವೇ ಯೋಚಿಸಿ. ಯಾರೂ ಉತ್ತರ ಕೊಡಲಿಲ್ಲ. ಸುಮ್ನೆ ಒಬ್ಬೊಬ್ಬರಾಗಿ ತಮ್ಮ ಬ್ಯಾಗ್ ಬಿಚ್ಚಿದರು. ದೋಣಿಯ ಊಟದ ಮೇಜಿನ ಮೇಲೆ ಬಟ್ಟೆ ಬೀಳತೊಡಗಿದವು. ಧಾರವಾಡದ ಡಾಕ್ಟರ್ ಎರಡು ಜೊತೆ ಉಣ್ಣೆಯ ಒಳಉಡುಪು ಕೊಟ್ಟರು. ತಂದದ್ದೇ ಮೂರು ಜೊತೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಐಂಡ್‌ಹೋವನ್‌ನಿಂದ ಬಂದ ಗಂಡ ಹೆಂಡತಿ ತಮ್ಮಿಬ್ಬರ ಮಧ್ಯೆ ಒಂದೇ ದಪ್ಪ ಪ್ಯಾಂಟ್ ಇಟ್ಟುಕೊಂಡು ಇನ್ನೊಂದನ್ನು ನನ್ನ ಕಡೆ ಸರಿಸಿದರು. ಪಹರೆ ಪಾಳಿಗೆ ಹೋಗುವವರು ಅದನ್ನು ಹಾಕಿಕೊಳ್ಳುತ್ತಿದ್ದರು, ಬಂದವರು ಬಿಚ್ಚಿ ಕೊಡುತ್ತಿದ್ದರು. ಹನ್ನೊಂದು ದಿನವೂ ಹಾಗೇ. ಕ್ಯಾಪ್ಟನ್ ಕಿತ್ತಳೆ ಬಣ್ಣದ ತಮ್ಮ ಹಳೆಯ ಮಳೆಕೋಟು ಕೊಟ್ಟರು. ಬಲ ಮೊಣಕೈ ಹತ್ತಿರ ಹಾಯಿ ಹೊಲಿಯುವ ದಪ್ಪ ದಾರದಲ್ಲಿ ಹಾಕಿದ ತೇಪೆ ಇತ್ತು. ಕಿಸೆಯಲ್ಲಿ ಗಟ್ಟಿಯಾದ ಒಂದು ಚಾಕೊಲೇಟ್ ತುಂಡು. ತೋಳು ಎರಡು ಮಡಿಕೆ ಮಡಚಿದರೂ ನನ್ನ ಬೆರಳು ಕಾಣುತ್ತಿರಲಿಲ್ಲ. ಅದರಷ್ಟು ಬೆಚ್ಚಗಿನ ಬಟ್ಟೆ ನಾನು ಜೀವನದಲ್ಲಿ ಹಾಕಿಲ್ಲ.

ಮೈಸೂರಿನ ಗೆಳತಿಗೆ ಬೇರೆಯದೇ ಋಣ ಇದೆ. ಸ್ವಾಲ್‌ಬಾರ್ಡ್‌ಗೆ ಕಾಲಿಡಲು ವೀಸಾ ಬೇಡ. ಆದರೆ ಆ ದ್ವೀಪಗಳು ಷೆಂಗೆನ್, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ ಹೊರಗೆ ಬರುತ್ತವೆ. ನಾರ್ವೆ ಮೂಲಕ ಹೋಗಿ, ನಾರ್ವೆ ಮೂಲಕವೇ ವಾಪಸ್ ಬರಬೇಕು. ಅಂದರೆ ಎರಡು ಸಲ ಒಳಗೆ ಬಿಡುವ ವೀಸಾ ಬೇಕು. ನಾನು ಒಂದೇ ಸಲ ಅಂತ ಗುರುತು ಹಾಕಿದ್ದೆ. ಅರ್ಜಿ ಕೊಡುವ ಹಿಂದಿನ ರಾತ್ರಿ ಹನ್ನೊಂದಕ್ಕೆ ಅವಳು ಫೋನ್ ಮಾಡಿ, ಇನ್ನೊಮ್ಮೆ ನೋಡು ಅಂದಳು. ಮುಂದೆ ಹೋಗುವವರಿಗೂ ಗೊತ್ತಿರಲಿ ಅಂತ ಇಲ್ಲಿ ಬರೆದಿದ್ದೇನೆ.

ನಾನು ಕುಮಟಾದ ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದ ಜೀವ. ದಕ್ಕೆಯಲ್ಲೇ ಆಡಿದ್ದು. ಅಲೆ ನನಗೆ ಏನು ಮಾಡೀತು ಅಂದುಕೊಂಡಿದ್ದೆ. ಈಸ್‌ಫ್ಯೋರ್ಡ್ ಅನ್ನುವ ಕೊಲ್ಲಿಯ ಬಾಯಿ ದಾಟಿ ಗ್ರೀನ್‌ಲ್ಯಾಂಡ್ ಸಮುದ್ರದ ಉದ್ದನೆಯ ಅಲೆ ಸಿಕ್ಕಿದ್ದೇ ತಡ, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ನೀರು ಕುಡಿದರೂ ನಿಲ್ಲುತ್ತಿರಲಿಲ್ಲ. ಹಾಯಿಗೆ ಗಾಳಿ ಚೆನ್ನಾಗಿತ್ತು, ಪ್ರಿನ್ಸ್ ಕಾರ್ಲ್ಸ್ ಫೋರ್‌ಲಾಂಡ್ ದ್ವೀಪದ ಹೊರಗಿನಿಂದಲೇ ಹೋಗುವ ಯೋಚನೆ ಇತ್ತು. ಕ್ಯಾಪ್ಟನ್ ನನ್ನ ಮುಖ ನೋಡಿದರು. ಏನೂ ಹೇಳದೆ ಚುಕ್ಕಾಣಿ ಬಲಕ್ಕೆ ತಿರುಗಿಸಿ ದೋಣಿಯನ್ನು ಫೋರ್‌ಲಾಂಡ್‌ಸುಂಡೆಟ್ ಒಳಗೆ ತಂದರು. ಅದು ಆ ದ್ವೀಪಕ್ಕೂ ಸ್ವಾಲ್‌ಬಾರ್ಡ್‌ನ ದೊಡ್ಡ ದ್ವೀಪಕ್ಕೂ ನಡುವಿನ ನೀರಿನ ಓಣಿ. ಒಂದು ಕಡೆ ಆಳ ತೀರಾ ಕಡಿಮೆ, ದೊಡ್ಡ ಹಡಗುಗಳು ಹೋಗಲಾರವು. ನಮ್ಮಂಥ ಸಣ್ಣ ದೋಣಿ ಆಳ ನೋಡಿಕೊಂಡು ದಾಟಬಹುದು. ಒಳಗೆ ನೀರು ಕೆರೆಯ ಹಾಗೆ ಶಾಂತವಾಗಿತ್ತು. ಅವತ್ತು ಹಾಯಿ ಬಿಚ್ಚುವ ಸಂಭ್ರಮ ಎಲ್ಲರಿಗೂ ತಪ್ಪಿತು. ಒಬ್ಬರೂ ಒಂದು ಮಾತು ಆಡಲಿಲ್ಲ. ನನ್ನ ಎರಡು ಪಾಳಿಯನ್ನು ಶಿವಮೊಗ್ಗದ ಹುಡುಗ ತನ್ನದರ ಜೊತೆಗೇ ಮಾಡಿದ. ಡಾಕ್ಟರ್ ಪ್ರತಿ ಹದಿನೈದು ನಿಮಿಷಕ್ಕೆ ಒಂದು ಚಮಚ ಉಪ್ಪು ಸಕ್ಕರೆ ನೀರು ಕುಡಿಸುತ್ತಾ ರಾತ್ರಿಯಿಡೀ ಕೂತಿದ್ದರು. ರಾತ್ರಿ ಅಂದೆನಲ್ಲ, ಕತ್ತಲೆ ಇರಲಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಗವಾಕ್ಷಿಯ ಬೆಳಕು ಅವರ ನರೆಗೂದಲ ಮೇಲೆ ಬಿದ್ದಿತ್ತು.

ಕಾಂಗ್ಸ್‌ಫ್ಯೋರ್ಡ್‌ಗೆ ಬರುವಷ್ಟರಲ್ಲಿ ಎದ್ದು ಕೂತೆ. ಅಲ್ಲಿ ನ್ಯೂ ಓಲೆಸುಂಡ್ ಇದೆ, ಸಂಶೋಧಕರ ಊರು. ಸುತ್ತ 20 ಕಿಲೋಮೀಟರ್ ಫೋನಿನ ವೈಫೈ, ಬ್ಲೂಟೂತ್ ಎಲ್ಲ ಬಂದ್ ಮಾಡಬೇಕು. ದೂರದ ಆಕಾಶದಿಂದ ಬರುವ ಸಣ್ಣ ಸಂಕೇತ ಕೇಳುವ ಆಂಟೆನಾಗಳಿಗೆ ಅದರಿಂದ ತೊಂದರೆ. ಅಲ್ಲೇ ನಮ್ಮ ದೇಶದ ಹಿಮಾದ್ರಿ ಕೇಂದ್ರ ಇದೆ, 2008ರಿಂದ. 2023ರ ಡಿಸೆಂಬರ್‌ನಲ್ಲಿ ಮೊದಲ ಸಲ ಅಲ್ಲಿಗೆ ಚಳಿಗಾಲದ ತಂಡ ಹೋಯಿತು. ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಆ ಮನೆಯ ಮುಂದೆ ನಿಂತಾಗ ನಮ್ಮಲ್ಲಿ ಯಾರಿಗೂ ಮಾತು ಬರಲಿಲ್ಲ. ಬೇಸಿಗೆಯಲ್ಲೇ ಇಷ್ಟು ಚಳಿ. ಹಗಲೇ ಇಲ್ಲದ ತಿಂಗಳುಗಳಲ್ಲಿ ಅಲ್ಲಿ ಕೂತು ಕೆಲಸ ಮಾಡಿದವರಿಗೆ ಒಂದು ದೊಡ್ಡ ನಮಸ್ಕಾರ.

ಆ ಊರಿನ ದಾರಿ ಪಕ್ಕದಲ್ಲೇ ಆರ್ಕ್‌ಟಿಕ್ ಟರ್ನ್ ಹಕ್ಕಿಗಳು ಮೊಟ್ಟೆ ಇಡುತ್ತವೆ. ಒಂದು ಧ್ರುವದ ಬೇಸಿಗೆ ಮುಗಿಸಿ ಇನ್ನೊಂದು ಧ್ರುವಕ್ಕೆ ಹಾರುವ ಹಕ್ಕಿ, ಹಿಡಿ ಗಾತ್ರದ್ದು. ಮರಿ ಹತ್ತಿರ ಹೋದವರ ನೆತ್ತಿಗೇ ಕುಕ್ಕುತ್ತದೆ. ನನಗೂ ಎರಡು ಸಲ ಕುಕ್ಕಿತು. ಯಾರೋ ಕೊಟ್ಟಿದ್ದ ನೀಲಿ ಉಣ್ಣೆ ಟೋಪಿ ತಲೆ ಉಳಿಸಿತು.

ರಾತ್ರಿ ಲಂಗರು ಹಾಕಿದರೂ ಒಬ್ಬರು ಎಚ್ಚರ ಇರಲೇಬೇಕು. ಹಿಮನದಿಯಿಂದ ಕಳಚಿದ ಮಂಜುಗಡ್ಡೆ ತೇಲಿ ಬಂದು ದೋಣಿಗೆ ಬಡಿಯಬಾರದು. ನನ್ನ ಪಾಳಿ ಹನ್ನೆರಡರಿಂದ ಎರಡು. ಒಂದು ಗಂಟೆಗೆ ಸೂರ್ಯ ಸರಿಯಾಗಿ ಉತ್ತರದಲ್ಲಿ ಇರುತ್ತಿದ್ದ. ಉದ್ದ ಗಳ ಹಿಡಿದು ಗಡ್ಡೆಗಳನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳುವುದು. ಅವು ಕರಗುವಾಗ ಚಟಪಟ ಅನ್ನುತ್ತವೆ, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ಎಷ್ಟೋ ಕಾಲದ ಹಿಂದೆ ಹಿಮದೊಳಗೆ ಸಿಕ್ಕಿಬಿದ್ದ ಗಾಳಿ ಹೊರಗೆ ಬರುವ ಸದ್ದು ಅದು. ಮೊದಲ ರಾತ್ರಿ ನನಗೆ ಗಳ ಹಿಡಿಯಲು ಕಲಿಸಿ, ಭಯ ಹೋಗುವ ತನಕ ಪಕ್ಕದಲ್ಲೇ ನಿಂತ ಗೈಡ್‌ಗೆ ಧನ್ಯವಾದ. ಅವಳ ಪಾಳಿ ಆಗ ಮುಗಿದಿತ್ತು.

ಅದೇ ಗೈಡ್ ಆರನೇ ದಿನ ದಂಡೆಯ ಮೇಲೆ ಹಿಮಕರಡಿ ಕಂಡ ಕೂಡಲೇ ದೋಣಿ ಹಿಂದಕ್ಕೆ ಸರಿಸಲು ಹೇಳಿದಳು. ನಮಗೆ ಇನ್ನೂ ಹತ್ತಿರ ಹೋಗುವ ಆಸೆ. 2025ರಿಂದ ಜುಲೈನಲ್ಲಿ ಕನಿಷ್ಠ 300 ಮೀಟರ್, ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್ ದೂರ ಇರಲೇಬೇಕು. ಅವಳು ಒಂದು ಮೀಟರ್ ಕೂಡ ಬಿಡಲಿಲ್ಲ. ಕರಡಿ ನಮ್ಮ ಕಡೆ ತಿರುಗಿಯೂ ನೋಡದೆ ತನ್ನ ಪಾಡಿಗೆ ಹೋಯಿತು. ನೋಡಬೇಕಾದದ್ದು ಹಾಗೇ, ಅಲ್ವಾ?

ಮೋಫೆನ್ ದ್ವೀಪದ ಹತ್ತಿರ 80 ಡಿಗ್ರಿ ದಾಟಿದೆವು. ಚಪ್ಪಟೆ ಜಲ್ಲಿಕಲ್ಲಿನ ದ್ವೀಪ. ದಂಡೆ ತುಂಬ ಉದ್ದ ಕೋರೆಹಲ್ಲಿನ ದೊಡ್ಡ ಕಡಲಪ್ರಾಣಿ ವಾಲ್ರಸ್‌ಗಳು ಒಂದರ ಮೇಲೊಂದು ಮಲಗಿದ್ದವು. ಬೇಟೆಯಿಂದ ಅವು ಅಲ್ಲಿ ಹೆಚ್ಚುಕಡಿಮೆ ಮುಗಿದೇಹೋಗಿದ್ದವಂತೆ. 1952ರಲ್ಲಿ ಬೇಟೆ ನಿಲ್ಲಿಸಿದ ಮೇಲೆ ನಿಧಾನಕ್ಕೆ ಮರಳಿ ಬಂದಿವೆ. ಬೇಸಿಗೆಯಲ್ಲಿ ಅಲ್ಲಿ ಇಳಿಯುವ ಹಾಗಿಲ್ಲ. ದೂರದಿಂದಲೇ ನೋಡಿದೆವು. ಅಡುಗೆಯಾಕೆ ಅಮ್ಮನ ಅವಲಕ್ಕಿಗೆ ಒಗ್ಗರಣೆ ಹಾಕಿ ಎಲ್ಲರ ಕೈಗೂ ಒಂದೊಂದು ಬಟ್ಟಲು ಕೊಟ್ಟಳು. ಸಾಸಿವೆ ಎಷ್ಟು ಸಿಡಿಯಬೇಕು ಅಂತ ಮೂರು ದಿನದಿಂದ ಕೇಳಿ ಕಲಿತಿದ್ದಳು.

ನಾನಿಲ್ಲದಾಗ ಅಮ್ಮನ ಜೊತೆ ಬಂದು ಮಲಗಿದ ಪಕ್ಕದ ಮನೆ ಅಕ್ಕನಿಗೆ, ನನ್ನ ಕೆಲಸವನ್ನೂ ಹೊತ್ತ ಆಫೀಸಿನವರಿಗೆ ಏನು ಹೇಳಿದರೂ ಕಡಿಮೆಯೇ. ಟ್ರೋಮ್ಸೋದ ಗೆಳೆಯ, ಇದನ್ನು ಕ್ಯಾಪ್ಟನ್‌ಗೆ ಅವರ ಭಾಷೆಯಲ್ಲಿ ಓದಿ ಹೇಳು. ಕೋಟು ಮಡಚಿ ಅವರ ಹಾಸಿಗೆ ಮೇಲೆ ಇಟ್ಟು ಬಂದೆ. ಕಿಸೆಯಲ್ಲಿ ಹೊಸ ಚಾಕೊಲೇಟ್ ಇದೆ.

ಬಟ್ಟೆಗಳನ್ನೆಲ್ಲ ಒಗೆದು ಪಾರ್ಸೆಲ್ ಮಾಡಿದ್ದೇನೆ, ಈ ವಾರ ಕಳಿಸುತ್ತೇನೆ. ನೀಲಿ ಟೋಪಿ ಮಾತ್ರ ಉಳಿದಿದೆ. ಹಕ್ಕಿ ಕುಕ್ಕಿದ ಕಡೆ ಎರಡು ಎಳೆ ಎದ್ದಿದ್ದವು, ಅಮ್ಮ ಹೊಲಿದಿದ್ದಾಳೆ. ಯಾರದ್ದು ಅಂತ ದಯವಿಟ್ಟು ಹೇಳಿ.